ಹಾಡಿನೊಳಗೊಂದು ಚಕ್ಕುಬಂದಿ

ಚಿಕ್ಕೋಡಿಯ ಕೋರ್ಟಿನ ಅಂಗಳಕ್ಕೆ ಮುಂಜಾನೆ ಹನ್ನೊಂದರ ಹೊತ್ತಿಗೆ ಹೋಗಿ ನಿಲ್ಲಬೇಕು. ಮೋಟಾರ್‌ಸೈಕಲ್ಲುಗಳ ಸಾಲಿನ ಆಚೆ, ಗಿಡದ ನೆರಳಿನಲ್ಲಿ, ಬಿಳಿ ಟೋಪಿಯ ಮುದುಕರೊಬ್ಬರು ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ವಕೀಲರ ದಾರಿ ಕಾಯುತ್ತಿರುತ್ತಾರೆ. ಆ ಚೀಲದಲ್ಲಿ ಮೂರು ತಲೆಮಾರಿನ ಕಾಗದಗಳಿರುತ್ತವೆ. ವಕೀಲರು ಬಂದ ಕೂಡಲೇ ಮಾತು ಶುರುವಾಗುತ್ತದೆ.

"ಹೊಲಾ ನಮ್ಮ ಮುತ್ಯಾಂದರಿ ಸಾಹೇಬ್ರ. ಕಾಕಾನ ಮಕ್ಕಳು ಬಾಂದ ಒಡದು ನಾಕ ಸಾಲ ಒಳಗ ಬಂದಾರ. ಕೇಳಾಕ ಹ್ವಾದ್ರ ಮೈಮ್ಯಾಲೆ ಬರ್ತಾರ."

"ಉತಾರ ತಂದೀ ಏನ ಅಜ್ಜಾ?"

"ತಂದೇನ್ರಿ."

ವಕೀಲರು ಉತಾರ ನೋಡುತ್ತಾರೆ, ಫೇರಫಾರದ ನಂಬರು ನೋಡುತ್ತಾರೆ, ಅಣ್ಣತಮ್ಮಂದಿರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಮುದುಕರ ಮಾತು ಸಂಜೆಯೊಳಗೆ ಟೈಪಾಗಿ ಬರುವಾಗ ಹೀಗಿರುತ್ತದೆ: 'ದಾವಾ ಸ್ವತ್ತು ಉಭಯ ಪಕ್ಷಕಾರರ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾಗಿದ್ದು, ಪ್ರತಿವಾದಿಯರು ಸದರಿ ಸ್ವತ್ತಿನಲ್ಲಿ ಅನಧಿಕೃತವಾಗಿ ಅತಿಕ್ರಮಣ ಮಾಡಿರುತ್ತಾರೆ.' ಕೊನೆಗೆ ಚಕ್ಕುಬಂದಿ ಬರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಗಾಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರಕಾರಿ ಗಾಯರಾಣ. ಎರಡೂ ಕನ್ನಡವೇ. ಒಂದರಲ್ಲಿ ಮುದುಕರ ಹೊಟ್ಟೆಯ ಸಂಕಟವಿದೆ, ಇನ್ನೊಂದರಲ್ಲಿ ನ್ಯಾಯಾಧೀಶರಿಗೆ ಬೇಕಾದ ಖಚಿತತೆಯಿದೆ. ಊರಿನ ವಕೀಲರ ಇಡೀ ಬದುಕು ಈ ಎರಡು ಕನ್ನಡಗಳ ನಡುವೆ ಹೋಗಿಬರುವುದರಲ್ಲೇ ಸವೆಯುತ್ತದೆ.

ಈ ಅಂಗಳದಲ್ಲಿ ನಿಂತಾಗಲೆಲ್ಲ ನನಗೆ ನೆನಪಾಗುವವರು ಈ ಊರಿನವರಲ್ಲ. ಅವರು ಗದುಗಿನ ವಕೀಲರು, ಹುಯಿಲಗೋಳ ನಾರಾಯಣರಾಯರು. ಪ್ರತಿ ನವೆಂಬರ್ 1ರಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಲೆಗಳಲ್ಲಿ ಧ್ವಜದ ಮುಂದೆ ಸಾಲಾಗಿ ನಿಂತ ಮಕ್ಕಳು 'ಉದಯವಾಗಲಿ' ಎಂದು ಎತ್ತಿಕೊಳ್ಳುವ ಹಾಡು ಅವರದು. ಹಾಡು ಎಲ್ಲರಿಗೂ ಬಾಯಿಪಾಠ. ಬರೆದವರು ಯಾರೆಂದು ಕೇಳಿದರೆ ಅನೇಕರು ಕುವೆಂಪು ಎನ್ನುತ್ತಾರೆ, ಕೆಲವರು ಬೇಂದ್ರೆ ಎನ್ನುತ್ತಾರೆ. ವಕೀಲರೊಬ್ಬರು ಬರೆದದ್ದು ಎಂದರೆ ನಂಬುವುದಿಲ್ಲ. ನನಗಾದರೋ, ವಕೀಲರಲ್ಲದೆ ಬೇರೆ ಯಾರೂ ಆ ಹಾಡನ್ನು ಹಾಗೆ ಬರೆಯಲಾರರು ಎಂದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ.

ನಾರಾಯಣರಾಯರು ಹುಟ್ಟಿದ್ದು 1884ರ ಅಕ್ಟೋಬರ್ 4ರಂದು, ಗದುಗಿನಲ್ಲಿ. ಹೆಸರಿನ ಹಿಂದಿರುವ ಹುಯಿಲಗೋಳ ಅದೇ ತಾಲ್ಲೂಕಿನ ಹಳ್ಳಿ. ಗದುಗು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಹತ್ತಿಯ ಪೇಟೆ, ನೇಕಾರರ ಮಗ್ಗಗಳು, ನಡುವೆ ವೀರನಾರಾಯಣನ ಗುಡಿ. ಕುಮಾರವ್ಯಾಸ ಭಾರತ ಬರೆದದ್ದು ಆ ಗುಡಿಯಲ್ಲೇ ಎಂದು ಊರಿಗೆ ಊರೇ ನಂಬುತ್ತದೆ. ಶಾಂತಕವಿಗಳು 1877ರಲ್ಲೇ ಅಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡ ನಾಟಕ ಆಡಿಸಿದ್ದರು. ಮರಾಠಿ ಕಂಪನಿಗಳ ಅಬ್ಬರದ ಎದುರು ಕನ್ನಡದ ಮಾತು ರಂಗದ ಮೇಲೆ ಕೇಳಬೇಕೆಂಬ ಹಟ ಆ ಊರಿನ ಗಾಳಿಯಲ್ಲೇ ಇತ್ತು. ನಾರಾಯಣರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು, ಮುಂಬಯಿಯಲ್ಲಿ ಕಾನೂನು ಓದಿದರು, 1911ರಲ್ಲಿ ಊರಿಗೆ ಮರಳಿ ವಕೀಲಿ ಶುರುಮಾಡಿದರು.

ಆ ಕಾಲದ ಉತ್ತರ ಕರ್ನಾಟಕದಲ್ಲಿ ಕನ್ನಡದ ಕೆಲಸಕ್ಕೆ ಇಳಿದವರ ಪಟ್ಟಿ ತೆಗೆದರೆ ಅರ್ಧಕ್ಕರ್ಧ ಕಾನೂನು ಓದಿದವರೇ ಸಿಗುತ್ತಾರೆ. ಆಲೂರು ವೆಂಕಟರಾಯರು ವಕೀಲರು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ವಕೀಲರು. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿ ವಕೀಲರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡ ಮಾತಾಡುವ ರೈತ ಮರಾಠಿಯಲ್ಲಿ ಬರೆದ ಕಾಗದ ಹಿಡಿದು ಬರುವುದನ್ನು ಅವರು ದಿನಾ ನೋಡುತ್ತಿದ್ದರು. ನಮ್ಮ ಭಾಗದ ಹಳೆಯ ಭೂದಾಖಲೆಗಳು ಇವತ್ತಿಗೂ ಮರಾಠಿಯ ಮೋಡಿ ಲಿಪಿಯಲ್ಲಿವೆ. ಮುತ್ತಜ್ಜನ ಖರೀದಿ ಪತ್ರದಲ್ಲಿ ಏನಿದೆ ಎಂದು ತಿಳಿಯಲು ಮೋಡಿ ಓದಬಲ್ಲ ಮುದುಕರನ್ನು ಹುಡುಕಿಕೊಂಡು ಮಂದಿ ಊರೂರು ಅಲೆಯುತ್ತಾರೆ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದವನ ಅಸಹಾಯಕತೆ ಎಂಥದ್ದೆಂದು ವಕೀಲರಿಗಿಂತ ಹತ್ತಿರದಿಂದ ಕಂಡವರು ಯಾರು?

ನಾರಾಯಣರಾಯರು ವಕೀಲಿಯ ಜೊತೆಜೊತೆಗೇ ನಾಟಕ ಬರೆದರು. 'ವಜ್ರಮುಕುಟ', 'ಕನಕವಿಲಾಸ', 'ವಿದ್ಯಾರಣ್ಯ', 'ಪತಿತೋದ್ಧಾರ' ಮೊದಲಾದವು ಅವರ ಕೃತಿಗಳು. ನಾಟಕಗಳನ್ನು ಇವತ್ತು ಓದುವವರು ಕಡಿಮೆ, ಆಡುವವರು ಇನ್ನೂ ಕಡಿಮೆ. ಅವರನ್ನು ಉಳಿಸಿದ್ದು ಒಂದು ಹಾಡು. ಅದರ ಹಿಂದಿನ ಸಂದರ್ಭವನ್ನು ಸ್ವಲ್ಪ ನಿಂತು ನೋಡಬೇಕು.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಎದ್ದ ಆ ಬಿಡಾರಕ್ಕೆ 'ವಿಜಯನಗರ' ಎಂದು ಹೆಸರಿಟ್ಟಿದ್ದರು. ನೀರಿಗಾಗಿ ತೋಡಿದ ಬಾವಿಗೆ 'ಪಂಪಾ ಸರೋವರ' ಎಂದರು. ಇಂದಿಗೂ ಬೆಳಗಾವಿಯ ಜನ ಅದನ್ನು ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. ಅದೇ ಹೊತ್ತಿಗೆ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಆ ಸಮಾರಂಭಕ್ಕಾಗಿ ನಲವತ್ತರ ಹರೆಯದ ಗದುಗಿನ ವಕೀಲರು ಹಾಡು ಬರೆದುಕೊಟ್ಟರು. ಅಧಿವೇಶನದಲ್ಲಿ ಸ್ವಾಗತ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಒಬ್ಬರು.

ಉದಯವಾಗಲಿ ಎಂದು ಹಾಡಿದ ನಾಡು ಆಗ ಎಲ್ಲಿತ್ತು? ಉತ್ತರಕ್ಕಾಗಿ ನಮ್ಮ ಊರುಗಳನ್ನೇ ನೋಡಿ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಮಹಾರಾಜರದು. ಸುತ್ತಲಿನ ಹಳ್ಳಿಗಳು ಸಾಂಗಲಿ, ಮೀರಜ, ಕುರುಂದವಾಡ, ಜಮಖಂಡಿ, ಜತ್ತ ಸಂಸ್ಥಾನಗಳಿಗೆ ಹಂಚಿಹೋಗಿದ್ದವು. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಮಾಯಕ್ಕನ ಜಾತ್ರೆಗೆ ಚಿಂಚಲಿಗೆ ಹೋಗುವ ಬೀಗರು ಬೇರೆ ಬೇರೆ ರಾಜ್ಯದ ಪ್ರಜೆಗಳು. ಇತ್ತ ನಿಜಾಮನ ಸೀಮೆ, ಅತ್ತ ಮೈಸೂರು, ಕೆಳಗೆ ಮದ್ರಾಸ್ ಪ್ರಾಂತದ ಮಂಗಳೂರು, ಬಳ್ಳಾರಿ, ಪಕ್ಕಕ್ಕೆ ಕೊಡಗು. ವಕೀಲರ ಕಣ್ಣಿಗೆ ಇದು ಹೇಗೆ ಕಂಡಿರಬೇಕು? ವಾಟ್ನಿಯಾದ ಮನೆಯ ಹಾಗೆ. ಅದೂ ಅಣ್ಣತಮ್ಮಂದಿರು ಕೂಡಿ ಮಾಡಿಕೊಂಡ ವಾಟ್ನಿ ಅಲ್ಲ, ಮೂರನೆಯವರು ಬಂದು ಹರಿದು ಹಂಚಿದ್ದು.

ಈಗ ಹಾಡನ್ನು ಎದುರಿಗಿಟ್ಟುಕೊಳ್ಳಿ. ಪರಶುರಾಮನ ತಾಯಿ ಬರುತ್ತಾಳೆ, ಹನುಮ ಬರುತ್ತಾನೆ, ಜಕ್ಕಣನ ಶಿಲ್ಪ ಬರುತ್ತದೆ. ಇವೆಲ್ಲ ಯಾವ ಕವಿಗೂ ಹೊಳೆಯುವಂಥವು. ಆದರೆ ಜಕ್ಕಣನ ಪಕ್ಕದಲ್ಲೇ, ಅದೂ ಅವನಿಗಿಂತ ಮೊದಲೇ, ಒಂದು ಮಾತಿದೆ: ಮಿತಾಕ್ಷರ. ಮಕ್ಕಳು ಅದನ್ನು ಹಾಡಿ ಮುಂದೆ ಹೋಗಿಬಿಡುತ್ತಾರೆ. ಮಾಸ್ತರರೂ ಅರ್ಥ ಹೇಳುವುದು ಅಪರೂಪ. ಅದು ಕಾವ್ಯವಲ್ಲ, ಕಾನೂನಿನ ಪುಸ್ತಕ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂದು ಅದು ಹೇಳಿತು. ಬಂಗಾಳದ ದಾಯಭಾಗವನ್ನು ಬಿಟ್ಟರೆ ಇಂಡಿಯಾದ ಬಹುಪಾಲು ಹಿಂದೂ ಅವಿಭಕ್ತ ಕುಟುಂಬಗಳ ಹೊಲಮನೆ ಹಂಚಿಕೆ ನಡೆದದ್ದು ಆ ಪುಸ್ತಕದ ಆಧಾರದ ಮೇಲೆ. ಬ್ರಿಟಿಷ್ ನ್ಯಾಯಾಧೀಶರೂ ಅದರ ಮೇಲೆ ಕೈಯಿಟ್ಟೇ ತೀರ್ಪು ಕೊಟ್ಟರು.

ಇದನ್ನು ಹಾಡಿನೊಳಗೆ ತರಬೇಕೆಂದು ಯಾರಿಗೆ ಹೊಳೆದೀತು? ದಿನಾ ಕಪಾಟಿನಿಂದ ಅದನ್ನು ತೆಗೆದು ಪಾಟೀಸವಾಲಿಗೆ ಹೊರಡುತ್ತಿದ್ದವರಿಗೆ ಮಾತ್ರ. ಮುಂಬಯಿ ಪ್ರಾಂತದ ವಕೀಲರೊಬ್ಬರು, ನಿಜಾಮನ ಸೀಮೆಯಲ್ಲಿ ಸಿಕ್ಕಿಬಿದ್ದ ಕಲ್ಯಾಣದ ನ್ಯಾಯಶಾಸ್ತ್ರಿಯನ್ನು ನೆನೆದು, ಈತ ನಮ್ಮವನು ಎಂದು ಬೆಳಗಾವಿಯ ಮಂಟಪದಲ್ಲಿ ಹೇಳಿಸಿದರು. ದೇಶವೆಲ್ಲ ಯಾವ ಕಾನೂನಿನ ಕೆಳಗೆ ಆಸ್ತಿ ಹಂಚಿಕೊಳ್ಳುತ್ತಿದೆಯೋ ಆ ಕಾನೂನು ಹುಟ್ಟಿದ ನೆಲಕ್ಕೇ ಒಂದು ಗಡಿಯಿಲ್ಲ, ಒಂದು ಹೆಸರಿಲ್ಲ. ಇದಕ್ಕಿಂತ ಬಲವಾದ ವಾದ ಇನ್ನೇನು ಬೇಕಿತ್ತು?

ಮಿತಾಕ್ಷರದ ದೋಷವನ್ನೂ ಇಲ್ಲಿಯೇ ಹೇಳಿಬಿಡಬೇಕು. ಹುಟ್ಟಿನ ಹಕ್ಕು ಮಗನಿಗೆ ಇತ್ತು, ಮಗಳಿಗೆ ಇರಲಿಲ್ಲ. ಕರ್ನಾಟಕ 1994ರಲ್ಲಿ ತನ್ನ ತಿದ್ದುಪಡಿ ಜಾರಿಗೆ ತಂದು ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಅದು ಹುಟ್ಟಿನಿಂದ ಬಂದ ಹಕ್ಕೇ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅಥಣಿಯ, ರಾಯಬಾಗದ ಕೋರ್ಟುಗಳಿಗೆ ಈಗ ಅಣ್ಣಂದಿರ ಮೇಲೆ ದಾವೆ ಹೂಡಲು ಬರುವ ಅಕ್ಕತಂಗಿಯರನ್ನು ನೋಡಿದರೆ ಒಂಬತ್ತುನೂರು ವರ್ಷದ ಪುಸ್ತಕದ ಒಂದು ಪುಟ ಕಣ್ಣೆದುರಿಗೇ ತಿರುಗಿದಂತೆ ಕಾಣುತ್ತದೆ.

ಹಾಡಿನ ಕೊನೆಗೆ ಹೊಳೆಗಳು ಬರುತ್ತವೆ. ಕೃಷ್ಣೆ, ಭೀಮೆ, ಕಾವೇರಿ, ಗೋದೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ್ದು ಎಲ್ಲರಿಗೂ ಗೊತ್ತು. ನಾರಾಯಣರಾಯರು ಅದಕ್ಕೆ ನಡುಮನೆಯ ಎರಡು ಹೊಳೆಗಳನ್ನು ಸೇರಿಸಿದರು. ನಾನು ಇದನ್ನು ಚಕ್ಕುಬಂದಿ ಎಂದೇ ಓದುತ್ತೇನೆ. ಸ್ವತ್ತನ್ನು ವರ್ಣಿಸಿ, ಕೊನೆಗೆ ಅದರ ಎಲ್ಲೆಗಳನ್ನು ಬರೆಯದಿದ್ದರೆ ಯಾವ ದಾವೆಯೂ ನಿಲ್ಲುವುದಿಲ್ಲ ಎಂಬುದು ವಕೀಲಿಯ ಮೊದಲ ಪಾಠ. ಎಲ್ಲೆ ಬರೆದಾದ ಮೇಲೆ ಏನು ಉಳಿಯುತ್ತದೆ? ಸಹಿ. ಹಾಡು ಗದುಗಿನ ವೀರನಾರಾಯಣನಲ್ಲಿ ಬಂದು ನಿಲ್ಲುತ್ತದೆ. ಊರ ದೇವರ ಹೆಸರೂ ಬರೆದವರ ಹೆಸರೂ ಅಲ್ಲಿ ಒಂದೇ.

ಕಾಗವಾಡ, ಅಥಣಿ, ರಾಯಬಾಗದವರಿಗೆ ಕೃಷ್ಣೆ ಪುಸ್ತಕದ ಹೊಳೆಯಲ್ಲ. ಉಗಾರದ ಕಬ್ಬಿನ ಹೊಲಗಳಿಗೆ ನೀರು ಕೊಡುವವಳು ಅವಳು, ಮಳೆಗಾಲದಲ್ಲಿ ಸೇತುವೆ ಮುಳುಗಿಸಿ ಮನೆ ಬಿಡಿಸುವವಳೂ ಅವಳೇ. ಮಕ್ಕಳು ಧ್ವಜದ ಮುಂದೆ ನಿಂತು ಅವಳ ಹೆಸರು ಹಾಡುವಾಗ ಹೊಳೆ ಅವರ ಶಾಲೆಯ ಹಿಂದೆಯೇ ಹರಿಯುತ್ತಿರುತ್ತದೆ. ಬೆಂಗಳೂರಿನ ಸಭಾಂಗಣದಲ್ಲಿ ಈ ಹಾಡು ಕೇಳುವುದು ಬೇರೆ, ಇಲ್ಲಿ ಕೇಳುವುದು ಬೇರೆ.

ಬೆಳಗಾವಿ ಅಧಿವೇಶನ ಮುಗಿದು ನಾಲ್ಕು ತಿಂಗಳಾಗಿರಲಿಲ್ಲ. 1925ರ ಏಪ್ರಿಲ್ 10 ಮತ್ತು 11ರಂದು ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಿದ್ದವರೂ ಒಬ್ಬ ವಕೀಲರೇ, ಬ್ಯಾರಿಸ್ಟರ್ ಭೀಮರಾವ್ ಅಂಬೇಡ್ಕರ್. ಸಂಸ್ಥಾನಗಳ ನಡುವಿನ ಗಡಿಗಳನ್ನು ಅಳಿಸಬೇಕೆಂದು ಬೆಳಗಾವಿಯಲ್ಲಿ ಹಾಡಾಯಿತು. ಪ್ರತಿ ಹಳ್ಳಿಯ ಒಳಗೇ ಇರುವ ಗಡಿಯನ್ನು ಅಳಿಸುವ ಮಾತು ನಿಪ್ಪಾಣಿಯಲ್ಲಿ ಆಯಿತು. ನಮ್ಮ ಗಡಿಭಾಗದ ಚರಿತ್ರೆ ಬರೆಯುವವರು ಮೊದಲನೆಯದನ್ನು ವಿಸ್ತಾರವಾಗಿ ಬರೆದು ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸರಿಯಲ್ಲ.

ಇನ್ನು ಭಾಷೆಯ ಮಾತು. ಕೋರ್ಟಿನ ಅಂಗಳದ ಆ ಮುದುಕರ ಕನ್ನಡ 'ಉದಯವಾಗಲಿ' ಹಾಡಿನಲ್ಲಿ ಇಲ್ಲ. ಅದು ಪೂರಾ ಗ್ರಾಂಥಿಕ, ಹಳಗನ್ನಡದ ವಾಸನೆಯ ಕನ್ನಡ. ಗದುಗಿನ ಮನೆಯಲ್ಲಿ, ಪೇಟೆಯಲ್ಲಿ ನಾರಾಯಣರಾಯರ ಕಿವಿಗೆ ದಿನಾ ಬೀಳುತ್ತಿದ್ದ ನುಡಿಯೂ ಅದಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನಾನು ಹಾಗೆ ಎನ್ನಲಾರೆ. ಮೈಸೂರಿನವರು, ಮಂಗಳೂರಿನವರು, ರಾಯಚೂರಿನವರು, ಚಿಕ್ಕೋಡಿಯವರು ಒಟ್ಟಿಗೆ ನಿಂತು ಹಾಡಬೇಕಾದರೆ ಯಾವ ಒಂದು ಸೀಮೆಯ ಮಾತೂ ಆಗಬಾರದಿತ್ತು. ಅವರೆಲ್ಲ ಕೂಡಿ ಓದಿದ್ದ ಒಂದೇ ಕನ್ನಡ ಕುಮಾರವ್ಯಾಸನದು, ಪಂಪ ರನ್ನರದು. ವಕೀಲರು ಎಲ್ಲ ಪಕ್ಷಕಾರರೂ ಒಪ್ಪುವ ದಸ್ತಾವೇಜಿನ ಭಾಷೆಯನ್ನೇ ಆರಿಸಿಕೊಂಡರು.

ಮುದುಕರ ಕನ್ನಡಕ್ಕೆ ಕಾವ್ಯದಲ್ಲಿ ಜಾಗ ಮಾಡಿಕೊಟ್ಟವರು ಬೇರೆ. ರಾಯಬಾಗದ ನೆರೆಯ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು 'ಆನಂದಕಂದ' ಎಂಬ ಹೆಸರಿನಲ್ಲಿ ಹಳ್ಳಿಯ ಬಾಯಿಮಾತನ್ನೇ ಹಾಡಾಗಿಸಿದರು. (ಗದಗಕ್ಕೆ ಅಂಟಿಕೊಂಡ ಬೆಟಗೇರಿ ಬೇರೆ, ಇದು ಬೇರೆ.) ಅವರ 'ನಲ್ವಾಡುಗಳು' ಓದುವಾಗ ಬೀಸುಕಲ್ಲಿನ ಸದ್ದು, ನೀರಿಗೆ ಹೋಗುವ ಹೆಂಗಸರ ನಗೆ ಕೇಳುತ್ತದೆ. ಅವರು ಕೆಲಸ ಕಲಿತದ್ದು ಎಲ್ಲಿ ಗೊತ್ತೇ? ಆಲೂರು ವೆಂಕಟರಾಯರ 'ಜಯಕರ್ನಾಟಕ' ಪತ್ರಿಕೆಯಲ್ಲಿ. ವಕೀಲಿ ಬಿಟ್ಟು ನಾಡಿಗಾಗಿ ನಿಂತವರ ಕಚೇರಿಯಲ್ಲಿ ಆಡುನುಡಿಯ ಕವಿ ಪ್ರೂಫು ತಿದ್ದುತ್ತಿದ್ದರು. ಮುಂದೆ 1938ರಲ್ಲಿ ತಮ್ಮದೇ 'ಜಯಂತಿ' ಮಾಸಪತ್ರಿಕೆ ತೆಗೆದು ಎರಡು ದಶಕಕ್ಕೂ ಹೆಚ್ಚು ಕಾಲ ಎಳೆದರು. ಮಾಸಪತ್ರಿಕೆ ನಡೆಸುವ ಕಷ್ಟ ಕಂಡವರಿಗೆ ಅದರ ಬೆಲೆ ಗೊತ್ತು.

ಇನ್ನೂ ಹತ್ತಿರಕ್ಕೆ ಬಂದರೆ, ಈಗ ಕಾಗವಾಡ ತಾಲ್ಲೂಕಿನಲ್ಲಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯರು. 1918ರಿಂದ 1975ರವರೆಗೆ ಬಾಳಿದ ಈ ಶಾಲಾಮಾಸ್ತರರು 'ನಿಸರ್ಗ' ಕಾದಂಬರಿಯಲ್ಲಿ ಕೃಷ್ಣಾತೀರದ ಜೈನ ಒಕ್ಕಲು ಮನೆಗಳ ಮಾತನ್ನು ಇದ್ದಹಾಗೆ ಕಾಗದದ ಮೇಲೆ ಇಳಿಸಿದರು. ಅದನ್ನು ಓದುವಾಗ ನಮ್ಮ ಓಣಿಯೇ ಎದ್ದು ಬಂದು ಮಾತಾಡಿದಂತಾಗುತ್ತದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದವರು ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆ. ಪಂಡಿತರು ಬದಿಗಿಟ್ಟಿದ್ದ ಪ್ರಾಕೃತ, ಅಪಭ್ರಂಶಗಳ ಗ್ರಂಥಗಳನ್ನು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕುಳಿತು ಜಗತ್ತಿಗೆ ಓದಿಸಿದವರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜನರ ಬಾಯಿಮಾತಿಗೂ ಮರ್ಯಾದೆಯಿದೆ ಎಂದು ನಮ್ಮ ಈ ಮೂಲೆ ಬಹಳ ಮೊದಲೇ ಅರಿತಿತ್ತು.

ನಮ್ಮ ಮಾತಿನಲ್ಲಿ ಮರಾಠಿ ಬೆರೆತಿದೆ ಎಂದು ಮೂಗು ಮುರಿಯುವವರಿಗೆ ಅಥಣಿಯ ಚಪ್ಪಲಿ ತೋರಿಸಬೇಕು. ಅಥಣಿಯ, ನಿಪ್ಪಾಣಿಯ ಮನೆಗಳಲ್ಲಿ ಹೊಲಿದದ್ದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರು ಸುತ್ತುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕಿತು. ನಮ್ಮ ಕಾಕಾ, ಮಾಮಾ, ಬಾಂದ, ವಾಟ್ನಿ ಎಲ್ಲವೂ ಹಾಗೆಯೇ. ಹೊಲಿಗೆ ಎರಡೂ ಕಡೆಯದು, ಕಾಲು ನಮ್ಮದು.

1949ರಲ್ಲಿ ಕೊಲ್ಹಾಪುರ ಸಂಸ್ಥಾನ ವಿಲೀನವಾದಾಗ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. 1956ರ ನವೆಂಬರ್ 1ರಂದು ಚಂದಗಡವನ್ನು ಬಿಟ್ಟು ಬೆಳಗಾವಿ ಜಿಲ್ಲೆ ಹೊಸ ಮೈಸೂರು ರಾಜ್ಯ ಸೇರಿತು. ಹಾಡು ಬರೆದು ಮೂವತ್ತೆರಡು ವರ್ಷವಾಗಿತ್ತು, ನಾರಾಯಣರಾಯರಿಗೆ ಎಪ್ಪತ್ತೆರಡು. ದಾವೆ ಹೂಡಿದ ವಕೀಲರು ಬದುಕಿರುವಾಗಲೇ ಹುಕುಮನಾಮೆ ಕೈಗೆ ಬಂದ ಅಪರೂಪದ ಖಟ್ಲೆ ಇದು. ಆದರೂ ಖಟ್ಲೆ ಪೂರ್ತಿ ಮುಗಿಯಲಿಲ್ಲ. ಎರಡು ರಾಜ್ಯಗಳ ಗಡಿಯ ತಂಟೆ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ಜತ್ತ, ಅಕ್ಕಲಕೋಟೆಯ ಕಡೆಯ ಹಳ್ಳಿಗಳು ಇತ್ತ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅತ್ತ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಇನ್ನೂ ಗಡಿಯಾಚೆಗೇ ಇದ್ದಾರೆ. ಇತ್ತ ನವೆಂಬರ್ 1ರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದರಲ್ಲಿ ಮಹಾರಾಷ್ಟ್ರ ಸೇರಬೇಕೆನ್ನುವವರ ಕರಾಳ ದಿನದ ಮೆರವಣಿಗೆ. ನಮ್ಮ ಮಕ್ಕಳು ಎರಡನ್ನೂ ನೋಡುತ್ತ ಬೆಳೆಯುತ್ತಾರೆ. ಹಾಗೆ ಬೆಳೆದವರು ಸಂತೆಯಲ್ಲಿ ಎರಡೂ ಭಾಷೆ ಮಾತಾಡಿ, ಎರಡೂ ಮನೆಯಿಂದ ಹೆಣ್ಣು ತಂದು ಸಂಸಾರ ನಡೆಸಿದ್ದಾರೆ ಎಂಬುದನ್ನೂ ಹೇಳಲೇಬೇಕು.

ನಿಪ್ಪಾಣಿ, ಕಾಗವಾಡ ಎರಡೂ 2018ರಲ್ಲಿ ಹೊಸ ತಾಲ್ಲೂಕುಗಳಾದವು. ಹೊಸ ಕಚೇರಿ, ಹೊಸ ಫಲಕ ಬಂದಿವೆ. ಉತಾರ ಈಗ ಕಂಪ್ಯೂಟರಿನಿಂದ ಕನ್ನಡದಲ್ಲಿ ಬರುತ್ತದೆ. ಬಿಳಿ ಟೋಪಿಯ ಮುದುಕರ ಮೊಮ್ಮಗಳು ಅದನ್ನು ಗಡಗಡ ಓದಿ ಹೇಳುತ್ತಾಳೆ. 1911ರಲ್ಲಿ ಗದುಗಿನ ಕೋರ್ಟಿಗೆ ಮೊದಲ ದಿನ ಹೋದ ಯುವ ವಕೀಲರಿಗೆ ಇದನ್ನು ತೋರಿಸಬೇಕಿತ್ತು.

ಹುಯಿಲಗೋಳ ನಾರಾಯಣರಾಯರು 1971ರ ಜುಲೈ 4ರಂದು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎರಡು ವರ್ಷ ನಾಲ್ಕು ತಿಂಗಳ ಅಂತರದಲ್ಲಿ ಅವರಿಗೆ ಆ ದಿನ ತಪ್ಪಿತು.

ಗಡಿಭಾಗದ ಶಾಲೆಗಳ ಮಾಸ್ತರರಲ್ಲಿ, ಬಾಯಿಯವರಲ್ಲಿ ಒಂದು ಕೇಳಿಕೆ. ಮುಂದಿನ ನವೆಂಬರ್‌ನಲ್ಲಿ ಹಾಡು ಕಲಿಸುವಾಗ ಮಿತಾಕ್ಷರ ಎಂದರೇನು ಎಂದು ಮಕ್ಕಳಿಗೆ ಹೇಳಿ. ಹೊಳೆಗಳ ಸಾಲು ಬಂದಾಗ ಕಿಟಕಿಯಿಂದ ಕೃಷ್ಣೆಯನ್ನು ತೋರಿಸಿ. ಫಲಕದ ಮೇಲೆ ಹಾಡಿನ ಕೆಳಗೆ ಬರೆದವರ ಹೆಸರನ್ನು, ಕಸುಬನ್ನು, ಊರನ್ನು ಬರೆಸಿ: ಹುಯಿಲಗೋಳ ನಾರಾಯಣರಾಯರು, ವಕೀಲರು, ಗದಗ.